ಬೀರು ಗೋಡೆಯಾದಾಗ: ಲೆನಿನ್‌ಗ್ರಾಡಿನ ಒಂದೂವರೆ ಕೋಣೆಯ ಕಥೆ

ಇವತ್ತು ರಾಜರ ಕಥೆ ಇಲ್ಲ, ಯುದ್ಧದ ಕಥೆಯೂ ಇಲ್ಲ. ಇವತ್ತಿನ ಕಥಾನಾಯಕ ಒಂದು ಬೀರು. ಹೌದು, ಬಟ್ಟೆ ಇಡೋ ಬೀರು.

ನಮ್ಮ ಮನೆಗಳಲ್ಲಿ ಬೀರು ಅಂದ್ರೆ ಗೋಡೆಗೆ ಬೆನ್ನು ಕೊಟ್ಟು ನಿಂತಿರೋ ವಸ್ತು. ಅದರ ಹಿಂಭಾಗ ಹೇಗಿದೆ ಅಂತ ಮನೆ ಬದಲಾಯಿಸುವ ದಿನ ಬಿಟ್ಟರೆ ಯಾರೂ ನೋಡಿರಲ್ಲ. ಅದನ್ನೇ ಎಳೆದು ತಂದು ಕೋಣೆಯ ಮಧ್ಯೆ ಅಡ್ಡಲಾಗಿ ನಿಲ್ಲಿಸಿದರೆ? ಒಂದು ಕೋಣೆ ಎರಡಾಗುತ್ತೆ. ಸಾಮಾನು ಇಡೋಕೂ ಆಯ್ತು, ಮರೆಯೂ ಆಯ್ತು. ಈಗ ಮನೆ ಅಲಂಕಾರದ ವಿಡಿಯೋಗಳಲ್ಲಿ ಇದನ್ನ ಹೊಸ ಐಡಿಯಾ ಅನ್ನೋ ಹಾಗೆ ತೋರಿಸ್ತಾರೆ. ಆದರೆ ಒಂದು ದೇಶದಲ್ಲಿ ಲಕ್ಷಾಂತರ ಕುಟುಂಬಗಳು ದಶಕಗಳ ಕಾಲ ಹೀಗೇ ಬದುಕಿದವು. ಅಲ್ಲಿ ಅದು ಅಲಂಕಾರ ಆಗಿರಲಿಲ್ಲ. ಗಂಡ ಹೆಂಡತಿ ಮಾತಾಡೋಕೆ, ಹುಡುಗಿ ಬಟ್ಟೆ ಬದಲಾಯಿಸೋಕೆ, ಹುಡುಗನೊಬ್ಬ ಕವಿತೆ ಬರೆಯೋಕೆ ಅವರಿಗೆ ಇದ್ದ ಒಂದೇ ದಾರಿ ಅದಾಗಿತ್ತು.

ಆ ದೇಶ ಸೋವಿಯತ್ ಒಕ್ಕೂಟ. ನಾವು ಹೋಗ್ತಿರೋ ಊರು ಲೆನಿನ್‌ಗ್ರಾಡ್, ಅಂದ್ರೆ ಇವತ್ತಿನ ಸೇಂಟ್ ಪೀಟರ್ಸ್‌ಬರ್ಗ್.

ಕ್ರಾಂತಿಗೂ ಮೊದಲು

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಈ ಇಕ್ಕಟ್ಟು ಕಮ್ಯುನಿಸ್ಟರು ಬಂದಮೇಲೆ ಹುಟ್ಟಿದ್ದಲ್ಲ. ಅದಕ್ಕೂ ಮುಂಚೆ, ತ್ಸಾರ್ ದೊರೆಗಳ ಕಾಲದಲ್ಲೇ, ಆ ಊರಿನ ಬಡವರು ಕೋಣೆ ಬಾಡಿಗೆಗೆ ಹಿಡಿಯುತ್ತಿರಲಿಲ್ಲ, ಮೂಲೆ ಬಾಡಿಗೆಗೆ ಹಿಡಿಯುತ್ತಿದ್ದರು. ಒಂದು ಕೋಣೆ, ನಾಲ್ಕು ಮೂಲೆ, ನಾಲ್ಕು ಕುಟುಂಬ. ನಡುವೆ ಒಂದು ಬಟ್ಟೆಯ ಪರದೆ. ಇನ್ನು ಕೆಲವರಿಗೆ ನೆಲಮಾಳಿಗೆ. ದಾಸ್ತೋವ್‌ಸ್ಕಿಯ 'ಅಪರಾಧ ಮತ್ತು ಶಿಕ್ಷೆ' 1866ರಲ್ಲಿ ಬಂದ ಕಾದಂಬರಿ. ಅದರ ನಾಯಕ ರಸ್ಕೋಲ್ನಿಕೋವ್ ಇರೋ ಕೋಣೆಯನ್ನ ಲೇಖಕ ಹೋಲಿಸೋದು ಯಾವುದಕ್ಕೆ ಗೊತ್ತಾ? ಬೀರುವಿಗೆ. ಅದೇ ಊರಿನ ಇನ್ನೊಂದು ಭಾಗದಲ್ಲಿ ಶ್ರೀಮಂತರ ಫ್ಲ್ಯಾಟುಗಳು. ಹತ್ತು ಹನ್ನೆರಡು ಕೋಣೆ, ಎತ್ತರದ ಸೀಲಿಂಗು, ಆಳುಕಾಳುಗಳಿಗೆ ಹಿಂದುಗಡೆ ಬೇರೆ ಮೆಟ್ಟಿಲು.

1917ರಲ್ಲಿ ಕ್ರಾಂತಿ ಆಯ್ತು. ಅಧಿಕಾರ ಹಿಡಿಯುವ ಹೊತ್ತಿಗೇ ಲೆನಿನ್ ಒಂದು ಲೇಖನದಲ್ಲಿ ಈ ಸಮಸ್ಯೆಗೆ ಪರಿಹಾರದ ಚಿತ್ರ ಬರೆದಿದ್ದರು. ಸಶಸ್ತ್ರ ಜನರ ಒಂದು ತಂಡ ಶ್ರೀಮಂತರ ಮನೆಗೆ ಹೋಗಿ, ನೀವು ಎರಡು ಕೋಣೆಗೆ ಸರಿದುಕೊಳ್ಳಿ, ಉಳಿದಿದ್ದನ್ನ ನೆಲಮಾಳಿಗೆಯಲ್ಲಿರುವ ಬಡ ಕುಟುಂಬಗಳಿಗೆ ಬಿಡಿ ಅಂತ ಹೇಳುವುದು. 1918ರ ಆಗಸ್ಟಿನಲ್ಲಿ ನಗರಗಳ ಸ್ಥಿರಾಸ್ತಿಯ ಮೇಲಿನ ಖಾಸಗಿ ಒಡೆತನವನ್ನೇ ಕಾನೂನಿನಿಂದ ರದ್ದು ಮಾಡಿದರು. ದೊಡ್ಡ ದೊಡ್ಡ ಫ್ಲ್ಯಾಟುಗಳಿಗೆ ಕೋಣೆಗೊಂದರಂತೆ ಕುಟುಂಬಗಳು ಬಂದವು. ಅಡುಗೆಮನೆ ಒಂದೇ, ಕಕ್ಕಸು ಒಂದೇ, ಕಾರಿಡಾರು ಒಂದೇ. ಇಂಥ ಮನೆಗೆ ಜನ ಇಟ್ಟ ಹೆಸರು ಕೊಮುನಾಲ್ಕಾ.

ನೆಲಮಾಳಿಗೆಯ ತೇವದಲ್ಲಿ ಮಕ್ಕಳನ್ನ ಸಾಕುತ್ತಿದ್ದವರಿಗೆ ಅದು ನಿಜಕ್ಕೂ ಮೇಲಕ್ಕೆ ಬಂದ ಹಾಗೆ. ಕಿಟಕಿ ಇರೋ ಕೋಣೆ ಸಿಕ್ಕಿತು. ಇದನ್ನ ಮರೆತು ಬರೀ ಕೊಮುನಾಲ್ಕಾದ ಕಷ್ಟವನ್ನಷ್ಟೇ ಹೇಳಿದರೆ ಕಥೆ ಅರ್ಧ ಆಗುತ್ತೆ. ಆದರೆ ತಾತ್ಕಾಲಿಕ ಅಂದುಕೊಂಡಿದ್ದು ಮೂರು ತಲೆಮಾರು ಉಳಿಯಿತು. ಹಳ್ಳಿಗಳಿಂದ ಕಾರ್ಖಾನೆಗಳಿಗೆ ಜನ ಬಂದು ಸುರಿದರು, ಮನೆಗಳು ಆ ವೇಗದಲ್ಲಿ ಏಳಲಿಲ್ಲ, ಆಮೇಲೆ ಯುದ್ಧ ಬಂದು ಇದ್ದ ಮನೆಗಳೂ ಉರುಳಿದವು.

ಒಬ್ಬರಿಗೆ ಒಂದು ಚದರ

ನಾನು ಓದಿದ್ದು ಬಿ.ಕಾಂ., ಹಾಗಾಗಿ ಇತಿಹಾಸ ಓದುವಾಗಲೂ ಮೊದಲು ಕಣ್ಣು ಹೋಗೋದು ಲೆಕ್ಕದ ಕಡೆಗೇ. ಈ ಕಥೆಯಲ್ಲಿ ಲೆಕ್ಕವೇ ಮುಖ್ಯ.

ಸೋವಿಯತ್ ಸರ್ಕಾರ ಮನೆಯನ್ನ ಕೋಣೆಗಳ ಲೆಕ್ಕದಲ್ಲಿ ಹಂಚಲಿಲ್ಲ, ಚದರ ಮೀಟರ್ ಲೆಕ್ಕದಲ್ಲಿ ಹಂಚಿತು. ಒಬ್ಬ ಮನುಷ್ಯನ ಆರೋಗ್ಯಕ್ಕೆ ಕನಿಷ್ಠ ಇಷ್ಟು ಜಾಗ ಬೇಕು ಅಂತ ಒಂದು ಅಳತೆ ಇತ್ತು. ಮೊದಲು ಎಂಟು ಚಿಲ್ಲರೆ, ಆಮೇಲೆ ತಲೆಗೆ 9 ಚದರ ಮೀಟರ್. ನಮ್ಮ ಲೆಕ್ಕಕ್ಕೆ ತಂದರೆ ಸುಮಾರು 97 ಚದರಡಿ. ನಮ್ಮ ಕಡೆ ಮೇಸ್ತ್ರಿಗಳು 100 ಚದರಡಿಗೆ ಒಂದು ಚದರ ಅಂತಾರಲ್ಲ, ಹೆಚ್ಚುಕಡಿಮೆ ಅಷ್ಟೇ. ಹಾಸಿಗೆ, ಮೇಜು, ಪುಸ್ತಕ, ಚಳಿಗಾಲದ ದಪ್ಪ ಕೋಟು, ಮಗುವಿನ ತೊಟ್ಟಿಲು, ಎಲ್ಲವೂ ಅದರೊಳಗೆ. ಎಷ್ಟೋ ಜನರಿಗೆ ಅದೂ ಸಿಗುತ್ತಿರಲಿಲ್ಲ.

ಬಾಡಿಗೆ ಜಾಸ್ತಿ ಇತ್ತಾ? ಇಲ್ಲ, ತಮಾಷೆ ಇರೋದೇ ಅಲ್ಲಿ. ಬಾಡಿಗೆ ತೀರಾ ಕಡಿಮೆ. ಚದರ ಮೀಟರಿಗೆ ತಿಂಗಳಿಗೆ 13 ಕೊಪೆಕ್ ಚಿಲ್ಲರೆ ಅಂತ 1928ರಲ್ಲಿ ನಿಗದಿಯಾದ ಮೂಲ ದರ ಸೋವಿಯತ್ ಒಕ್ಕೂಟ ಮುಗಿಯೋವರೆಗೂ ಹಾಗೇ ಉಳಿಯಿತು. ನೂರು ಕೊಪೆಕ್‌ಗೆ ಒಂದು ರೂಬಲ್. ಅಂದ್ರೆ ಮನೆ ಅಗ್ಗ, ಆದರೆ ಮನೆ ಇಲ್ಲ. ಬೆಲೆ ಇಲ್ಲದ ಕಡೆ ಕ್ಯೂ ಇರುತ್ತೆ, ಇದು ಅರ್ಥಶಾಸ್ತ್ರದ ಮೊದಲ ಪಾಠ. ಕೋಣೆಯನ್ನ ಮಾರುವ ಹಾಗಿಲ್ಲ, ಕೊಳ್ಳುವ ಹಾಗಿಲ್ಲ. ಅದಲುಬದಲು ಮಾಡಿಕೊಳ್ಳಬಹುದಿತ್ತು. ನನ್ನ ದೊಡ್ಡ ಕೋಣೆ ಕೊಡ್ತೀನಿ, ನಿನ್ನ ಎರಡು ಚಿಕ್ಕ ಕೋಣೆ ಕೊಡು. ಮದುವೆಯಾದರೆ ಎರಡು ಕೊಟ್ಟು ಒಂದು, ಬೇರೆಯಾದರೆ ಒಂದು ಕೊಟ್ಟು ಎರಡು. ದುಡ್ಡಲ್ಲ, ಚದರ ಮೀಟರೇ ಅಲ್ಲಿ ಕರೆನ್ಸಿ.

ಅದಲುಬದಲು ಸಿಗದಿದ್ದರೆ? ವಿಚ್ಛೇದನ ಆದಮೇಲೂ ಗಂಡ ಹೆಂಡತಿ ಅದೇ ಕೋಣೆಯಲ್ಲಿ ಇರಬೇಕಾಗಿ ಬಂದ ಉದಾಹರಣೆಗಳು ಬೇಕಾದಷ್ಟಿವೆ. ನ್ಯಾಯಾಲಯ ಮದುವೆಯನ್ನ ಮುರಿಯಬಹುದು, ಇನ್ನೊಂದು ಕೋಣೆ ಕೊಡಲಾರದು. ಅಂಥ ಕಡೆ ಇಬ್ಬರ ನಡುವೆ ನಿಲ್ಲುತ್ತಿದ್ದುದು ಒಂದು ಬೀರು.

ಗೋಡೆ ಯಾಕಲ್ಲ, ಬೀರು ಯಾಕೆ?

ರಷ್ಯನ್ ಭಾಷೆಯಲ್ಲಿ ಬೀರುವಿಗೆ ಶ್ಕಾಫ್ ಅಂತಾರೆ. ನಮ್ಮ ಈಗಿನ ಫ್ಲ್ಯಾಟುಗಳ ಥರ ಗೋಡೆಯೊಳಗೇ ಕಟ್ಟಿಬಿಟ್ಟ ವಾರ್ಡ್‌ರೋಬ್ ಅಲ್ಲ. ಮರದ್ದು, ಭಾರದ್ದು, ಸ್ವಂತ ಕಾಲ ಮೇಲೆ ನಿಲ್ಲುವಂಥದ್ದು. ಮನೆ ಬಿಟ್ಟಾಗ ಜೊತೆಗೆ ತಗೊಂಡು ಹೋಗುವಂಥದ್ದು.

ಇವರು ಒಂದು ಅಡ್ಡಗೋಡೆಯನ್ನೇ ಕಟ್ಟಿಸಬಹುದಿತ್ತಲ್ಲ ಅಂತ ನೀವು ಕೇಳಬಹುದು. ಮೊದಲನೆಯದಾಗಿ ಕಟ್ಟಡ ಸರ್ಕಾರದ್ದು. ಇಟ್ಟಿಗೆ, ಹಲಗೆ ಅಂಗಡಿಗೆ ಹೋಗಿ ತರುವಷ್ಟು ಸುಲಭವಾಗಿ ಸಿಗಲ್ಲ, ಸಿಕ್ಕರೂ ಗೋಡೆ ಏಳಿಸೋಕೆ ಅನುಮತಿ ಬೇಕು. ಬೀರು ಜರುಗಿಸೋಕೆ ಯಾವ ಕಚೇರಿಯ ಸಹಿಯೂ ಬೇಕಿಲ್ಲ. ಕಾಗದದ ಮೇಲೆ ಅದು ಪೀಠೋಪಕರಣ, ಕೋಣೆಯಲ್ಲಿ ಅದು ಗೋಡೆ.

ಎರಡನೆಯದು ಬೆಳಕು ಮತ್ತು ಶಾಖ. ಕೋಣೆಗೆ ಕಿಟಕಿ ಬಹಳಷ್ಟು ಸಲ ಒಂದೇ ಗೋಡೆಯಲ್ಲಿ. ಒಲೆಯೋ ರೇಡಿಯೇಟರೋ ಕೂಡ ಒಂದೇ. ಸೀಲಿಂಗ್ ಮುಟ್ಟುವ ಗೋಡೆ ಹಾಕಿದರೆ ಒಂದು ಕಡೆಯವರಿಗೆ ಬೆಳಕು, ಬೆಚ್ಚಗೆ, ಇನ್ನೊಂದು ಕಡೆಯವರಿಗೆ ಕತ್ತಲೆ, ಚಳಿ. ಲೆನಿನ್‌ಗ್ರಾಡಿನ ಚಳಿಯಲ್ಲಿ ಅದು ಸಣ್ಣ ವಿಷಯ ಅಲ್ಲ. ಬೀರು ಸುಮಾರು ಆರು ಆರೂವರೆ ಅಡಿ. ಹಳೇ ಮನೆಗಳ ಸೀಲಿಂಗು ಅದರ ಹತ್ತಿರ ಹತ್ತಿರ ಎರಡರಷ್ಟು. ಮೇಲೆ ಖಾಲಿ ಬಿಟ್ಟ ಜಾಗದಿಂದ ಬೆಳಕೂ ಬರುತ್ತೆ, ಬಿಸಿ ಗಾಳಿಯೂ ಬರುತ್ತೆ.

ಮೂರನೆಯದು ನನಗೆ ತುಂಬಾ ಹಿಡಿಸಿದ ಲೆಕ್ಕ. ಒಂದೂವರೆ ಮೀಟರ್ ಉದ್ದ, 60 ಸೆಂಟಿಮೀಟರ್ ಆಳದ ಬೀರು ನೆಲದ ಮೇಲೆ 0.9 ಚದರ ಮೀಟರ್ ಹಿಡಿಯುತ್ತೆ. ಒಬ್ಬರ ಪಾಲು 9 ಚದರ ಮೀಟರ್ ಅಂದ್ರೆ, ಅದರಲ್ಲಿ ಹತ್ತನೇ ಒಂದು ಭಾಗ! ಅಷ್ಟು ಜಾಗ ತಿನ್ನೋ ವಸ್ತು ಸುಮ್ಮನೆ ಗೋಡೆಗೆ ಒರಗಿ ನಿಂತಿದ್ದರೆ ಅದು ದುಂದು. ಹೇಗೂ ಬಟ್ಟೆ ಇಡೋಕೆ ಬೀರು ಬೇಕೇ ಬೇಕು. ಅದನ್ನ ನಡುವೆ ನಿಲ್ಲಿಸಿದರೆ ಅದೇ ಜಾಗದಲ್ಲಿ ಎರಡು ಕೆಲಸ.

ಹಾಗಂತ ಇದು ಎಲ್ಲರಿಗೂ ಸಮನಾದ ಗೋಡೆ ಅಲ್ಲ. ಬೀರುವಿಗೆ ಮುಖ ಒಂದು ಕಡೆ, ಬೆನ್ನು ಒಂದು ಕಡೆ. ಮುಖದ ಕಡೆ ಪಾಲಿಶ್ ಮಾಡಿದ ಮರ, ಕೆಲವಕ್ಕೆ ಕನ್ನಡಿ. ಬೆನ್ನಿನ ಕಡೆ ಒರಟು ಪ್ಲೈವುಡ್ಡು. ಬೆನ್ನು ಯಾರ ಪಾಲಿಗೆ? ಸಾಮಾನ್ಯವಾಗಿ ಮಕ್ಕಳಿಗೆ, ಅಜ್ಜಿಗೆ, ಇಲ್ಲಾ ಹೊಸದಾಗಿ ಮದುವೆಯಾದವರಿಗೆ. ಅವರು ಆ ಪ್ಲೈವುಡ್ಡಿಗೆ ಗೋಡೆಗೆ ಅಂಟಿಸೋ ಕಾಗದ ಅಂಟಿಸಿದರು, ಬಟ್ಟೆ ಹೊಡೆದರು, ಜಮಖಾನ ನೇತುಹಾಕಿದರು. ಬೀರುವಿನ ಬೆನ್ನು ಅವರ ಮನೆಯ ಗೋಡೆ ಆಯ್ತು. ಆ ಕಡೆ ಮಲಗಿದವರು ಬಟ್ಟೆ ಬೇಕಾದರೆ ಸುತ್ತಿಕೊಂಡು ಈ ಕಡೆ ಬರಬೇಕು. ಬರುವ ಮುಂಚೆ ಸುಮ್ಮನೆ ಕೆಮ್ಮಬೇಕು.

ಇನ್ನೂ ಒಂದು ಗುಣ ಇದೆ. ಈ ಗೋಡೆ ಕುಟುಂಬದ ಜೊತೆ ಬದಲಾಗುತ್ತೆ. ಮಗ ಸೈನ್ಯಕ್ಕೆ ಹೋದರೆ ಬೀರು ಎರಡು ಅಡಿ ಆಚೆ. ಮಗಳು ದೊಡ್ಡವಳಾದರೆ ಎರಡು ಅಡಿ ಈಚೆ. ಸೊಸೆ ಬಂದರೆ ಇನ್ನೊಂದು ಬೀರು. ಮನೆಯ ನಕ್ಷೆಯನ್ನ ಸರ್ಕಾರ ಬರೆದಿತ್ತು, ಮನೆಯವರು ಬೀರು ಜರುಗಿಸಿ ಅದನ್ನೇ ತಿದ್ದಿ ಬರೆದುಕೊಂಡರು.

ಕಣ್ಣಿಗೆ ಗೋಡೆ, ಕಿವಿಗೆ ಅಲ್ಲ

ಈ ಎಪಿಸೋಡನ್ನ ನಾನು ರೆಕಾರ್ಡ್ ಮಾಡ್ತಿರೋದು ನನ್ನ ಬಾಡಿಗೆ ರೂಮಿನಲ್ಲಿ, ಬೀರುವಿನ ಬಾಗಿಲು ಪೂರ್ತಿ ತೆಗೆದಿಟ್ಟು, ಅದರ ಮುಂದೆ ಮೈಕ್ ಇಟ್ಟು. ನನ್ನಂಥ ಸ್ಟುಡಿಯೋ ಇಲ್ಲದವರು ಮಾಡೋದೇ ಹೀಗೆ. ನೇತುಹಾಕಿದ ಬಟ್ಟೆಗಳು ಸದ್ದನ್ನ ಹೀರಿಕೊಳ್ಳುತ್ತವೆ, ರೂಮಿನ ಪ್ರತಿಧ್ವನಿ ಕಡಿಮೆಯಾಗುತ್ತೆ. ಆದರೆ ಪಕ್ಕದ ಮನೆಯ ಕುಕ್ಕರ್ ವಿಷಲ್ ಮಾತ್ರ ಬಂದೇ ಬರುತ್ತೆ. ಬಟ್ಟೆ ತುಂಬಿದ ಬೀರುವಿನ ತಾಕತ್ತು ಅಷ್ಟೇ. ಸದ್ದನ್ನ ಮೆತ್ತಗೆ ಮಾಡುತ್ತೆ, ನಿಲ್ಲಿಸಲ್ಲ. ಮೇಲೆ ತೆರೆದ ಜಾಗ ಇದ್ದರಂತೂ ಮುಗೀತು.

ಸೋವಿಯತ್ ಕೋಣೆಗಳಲ್ಲಿ ಇದು ಜೀವನ್ಮರಣದ ಪ್ರಶ್ನೆ ಆಗಿತ್ತು. 1930ರ ದಶಕ, ಸ್ಟಾಲಿನ್ ಕಾಲ. ಯಾರು ಏನು ಮಾತಾಡಿದರು ಅನ್ನೋದರ ಮೇಲೆ ಬಂಧನಗಳು ನಡೆಯುತ್ತಿದ್ದವು. ಒಂದೇ ಫ್ಲ್ಯಾಟಿನಲ್ಲಿ ಐದಾರು ಕುಟುಂಬ, ನಡುವೆ ತೆಳು ಪಾರ್ಟಿಷನ್ನು. ಪಕ್ಕದವರ ಮೇಲೆ ದೂರು ಬರೆದರೆ ಅವರು ಹೋಗ್ತಾರೆ, ಅವರ ಕೋಣೆ ಖಾಲಿಯಾಗುತ್ತೆ. ಚದರ ಮೀಟರೇ ಕರೆನ್ಸಿ ಅಂದೆನಲ್ಲ, ಅದರ ಅತಿ ಕೆಟ್ಟ ರೂಪ ಇದು. ಬುಲ್ಗಾಕೋವ್ ಅವರ 'ಮಾಸ್ಟರ್ ಮತ್ತು ಮಾರ್ಗರಿಟಾ' ಕಾದಂಬರಿಯಲ್ಲಿ ಒಬ್ಬ ಪಾತ್ರ ಮಾಸ್ಟರ್ ಮೇಲೆ ದೂರು ಕೊಡುವುದು ಸಿದ್ಧಾಂತಕ್ಕಾಗಿ ಅಲ್ಲ, ಅವನ ಕೋಣೆಗಳಿಗಾಗಿ. ಓದಿದವರಿಗೆ ಅದು ಬರೀ ಕಲ್ಪನೆ ಅನ್ನಿಸಿರಲಿಕ್ಕಿಲ್ಲ.

ಹಾಗಾಗಿ ಜನ ಪಿಸುಮಾತಿನಲ್ಲಿ ಬದುಕೋದನ್ನ ಕಲಿತರು. ಇತಿಹಾಸಕಾರ ಒರ್ಲಾಂಡೋ ಫೈಜಸ್ 2007ರಲ್ಲಿ ಈ ಕಾಲದ ಕುಟುಂಬಗಳ ಬಗ್ಗೆ ಒಂದು ದೊಡ್ಡ ಪುಸ್ತಕ ತಂದರು, ಅದರ ಹೆಸರೇ 'ಪಿಸುಗುಡುವವರು' ಅನ್ನೋ ಅರ್ಥದ್ದು. ಅವರು ಹೇಳೋ ಒಂದು ವಿಷಯ ಕೇಳಿ. ರಷ್ಯನ್ ಭಾಷೆಯಲ್ಲಿ ಪಿಸುಗುಡುವವರಿಗೆ ಎರಡು ಪದ ಇದೆ. ಯಾರಿಗೂ ಕೇಳಿಸಬಾರದು ಅಂತ ಹೆದರಿ ಪಿಸುಗುಡುವವರಿಗೆ ಒಂದು. ಕೇಳಿದ್ದನ್ನ ಅಧಿಕಾರಿಗಳ ಕಿವಿಯಲ್ಲಿ ಪಿಸುಗುಡುವವರಿಗೆ ಇನ್ನೊಂದು. ಆ ಎರಡೂ ಥರದ ಜನರ ನಡುವೆ ಎಷ್ಟೋ ಸಲ ಇದ್ದದ್ದು ಒಂದು ತೆಳು ಹಲಗೆ ಅಷ್ಟೇ.

ಅಪ್ಪ ಅಮ್ಮ ಬೀರುವಿನ ಆ ಕಡೆ ಏನು ಮಾತಾಡಿಕೊಂಡರು ಅನ್ನೋದನ್ನ ಶಾಲೆಯಲ್ಲಿ ಬಾಯಿಬಿಡಬಾರದು ಅಂತ ಮಕ್ಕಳಿಗೂ ಕಲಿಸಬೇಕಿತ್ತು. ನಾವು ಗೋಡೆಗೂ ಕಿವಿ ಇದೆ ಅಂತ ಮಾತಿಗೆ ಹೇಳ್ತೀವಿ. ಅವರಿಗೆ ಅದು ದಿನನಿತ್ಯದ ಎಚ್ಚರಿಕೆ.

ಬೀರುವಿನೊಳಗಿಂದ ಹೋಗೋ ದಾರಿ

ಈಗ ಒಂದು ನಿರ್ದಿಷ್ಟ ಮನೆಗೆ ಹೋಗೋಣ. ಲೆನಿನ್‌ಗ್ರಾಡಿನ ಲಿತೇಯ್ನಿ ರಸ್ತೆ, ಮನೆ ನಂಬರ್ 24. ರಾಜಕುಮಾರ ಮುರೂಜಿ ಅನ್ನೋರು 1870ರ ದಶಕದಲ್ಲಿ ಮೂರಿಶ್ ಶೈಲಿಯಲ್ಲಿ ಕಟ್ಟಿಸಿದ ಭರ್ಜರಿ ಕಟ್ಟಡ. ಕ್ರಾಂತಿಯ ನಂತರ ಅದರ ಫ್ಲ್ಯಾಟುಗಳೂ ಕೊಮುನಾಲ್ಕಾಗಳಾದವು. 1955ರಲ್ಲಿ ಅಲ್ಲಿಗೆ ಮೂರು ಜನರ ಒಂದು ಕುಟುಂಬ ಬಂತು. ತಂದೆ ಫೋಟೋಗ್ರಾಫರ್. ತಾಯಿ ಲೆಕ್ಕಪತ್ರದ ಕೆಲಸ ಮಾಡುತ್ತಿದ್ದವರು, ನಮ್ಮ ಕಾಮರ್ಸ್ ಬಳಗದವರೇ ಅನ್ನಿ. ಮಗನಿಗೆ 15 ವರ್ಷ. ಹೆಸರು ಜೋಸೆಫ್ ಬ್ರಾಡ್‌ಸ್ಕಿ.

ಈ ಜಾಗ ಅವರಿಗೆ ಸಿಕ್ಕಿದ್ದೂ ಅದಲುಬದಲಿನಿಂದಲೇ. ಮದುವೆಗೆ ಮುಂಚೆ ತಂದೆಗೂ ತಾಯಿಗೂ ಊರಿನ ಬೇರೆ ಬೇರೆ ಕಡೆ ಒಂದೊಂದು ಕೋಣೆ ಇತ್ತು. ಎರಡನ್ನೂ ಬಿಟ್ಟುಕೊಟ್ಟು ಇಲ್ಲಿ ಒಂದು ಭಾಗ ಪಡೆದರು. ಮೂವರಿಗೆ 40 ಚದರ ಮೀಟರ್. ತಲೆಗೆ ಒಂಬತ್ತರ ಲೆಕ್ಕದಲ್ಲಿ ಅದು ಭಾಗ್ಯವೇ. ಆದರೆ ಅದು ಎರಡು ಕೋಣೆ ಅಲ್ಲ. ನಡುವೆ ಇದ್ದದ್ದು ಗೋಡೆ ಬಾಗಿಲು ಅಲ್ಲ, ಸೀಲಿಂಗಿನ ಹತ್ತಿರದವರೆಗೂ ಹೋಗುವ ದೊಡ್ಡ ಕಮಾನುಗಳು. ಹಾಗಾಗಿ ಒಂದೂವರೆ ಕೋಣೆ. ಒಂದು ಕೋಣೆ ತಂದೆ ತಾಯಿಗೆ, ಅರ್ಧ ಕೋಣೆ ಮಗನಿಗೆ. ಆ ಅರ್ಧದಲ್ಲೂ ಒಂದಷ್ಟು ಜಾಗ ಅಪ್ಪನ ಫೋಟೋ ತೊಳೆಯುವ ಡಾರ್ಕ್‌ರೂಮಿಗೆ.

ಹದಿನೈದು ವರ್ಷದ ಹುಡುಗ, ಬಾಗಿಲೇ ಇಲ್ಲದ ಅರ್ಧ ಕೋಣೆ. ಅಲ್ಲೇ ಓದಬೇಕು, ಬರೆಯಬೇಕು, ಗೆಳೆಯರು ಬರಬೇಕು, ಆಮೇಲಾಮೇಲೆ ಗೆಳತಿಯೂ ಬರಬೇಕು. ಏನು ಮಾಡಿದ? ಕಮಾನನ್ನ ಮುಚ್ಚೋಕೆ ಶುರು ಮಾಡಿದ. ಎರಡು ಬೀರು ತಂದು ನಿಲ್ಲಿಸಿದ. ಅದರ ಮೇಲೆ ಪುಸ್ತಕದ ಕಪಾಟು, ಸೂಟ್‌ಕೇಸು, ಸಿಕ್ಕಿದ್ದೆಲ್ಲ ಪೇರಿಸುತ್ತಾ ಹೋದ. ಕಮಾನು ಮೇಲೆ ಬಳುಕಿದ ಆಕಾರದ್ದು, ಚೌಕ ಸಾಮಾನು ಎಷ್ಟು ಪೇರಿಸಿದರೂ ಪೂರ್ತಿ ಮುಚ್ಚಲ್ಲ. ಆದರೂ ಬಿಡಲಿಲ್ಲ.

ಈಗ ಒಳಗೆ ಹೋಗೋದು ಹೇಗೆ? ಅವನು ಬೀರುಗಳ ಬೆನ್ನಿನ ಪ್ಲೈವುಡ್ಡನ್ನೇ ಕಿತ್ತುಹಾಕಿದ. ಬೀರುವಿನ ಬಾಗಿಲು ತೆಗೆದರೆ ಒಳಗೆ ಬೆನ್ನಿಲ್ಲ, ಆ ಕಡೆಗೆ ದಾರಿ. ನೋಡುವವರಿಗೆ ಅದು ಬೀರು, ಗೊತ್ತಿದ್ದವರಿಗೆ ಅದು ಮನೆ ಬಾಗಿಲು. ಬಂದ ಅತಿಥಿಗಳು ಬೀರುವಿನೊಳಗೆ ಕಾಲಿಟ್ಟು, ಪರದೆ ಸರಿಸಿ, ಅವನ ಲೋಕಕ್ಕೆ ಹೋಗಬೇಕಿತ್ತು. ಆ ಕಡೆ ಅವನ ಪಾಲಿಗೆ ಉಳಿದದ್ದು ಸುಮಾರು ಹತ್ತು ಚದರ ಮೀಟರ್. ಜೀವಮಾನದಲ್ಲಿ ಕಂಡ ಜಾಗಗಳಲ್ಲೆಲ್ಲ ಅದೇ ಶ್ರೇಷ್ಠ ಅಂತ ಎಷ್ಟೋ ವರ್ಷದ ಮೇಲೆ ಬ್ರಾಡ್‌ಸ್ಕಿ ನೆನೆದರು.

ಸದ್ದಿನ ಸಮಸ್ಯೆ? ಅದಕ್ಕೂ ಒಂದು ಉಪಾಯ ಇತ್ತು. ಗೆಳೆಯರೋ ಗೆಳತಿಯೋ ಬಂದಾಗ ಒಳಗಿನ ಸದ್ದು ಕೇಳಿಸದಿರಲಿ ಅಂತ ಗ್ರಾಮಫೋನಿನಲ್ಲಿ ಜೋರಾಗಿ ಸಂಗೀತ ಹಾಕುವುದು. ಬಹಳ ಸಲ ಅದು ಬಾಖ್ ಅವರ ಸಂಗೀತ. ಕೊನೆಗೆ ಪಾಪ, ಅವರ ಅಪ್ಪ ಅಮ್ಮನಿಗೆ ಬಾಖ್ ಅಂದರೇ ಆಗದ ಹಾಗೆ ಆಯಿತಂತೆ.

ನಗು ಬರುತ್ತೆ. ಆದರೆ ಆ ಹುಡುಗ ಮಾಡಿದ್ದು ಏನು ಅಂತ ಯೋಚನೆ ಮಾಡಿ. ಒಬ್ಬ ಮನುಷ್ಯನಿಗೆ ಎಷ್ಟು ಗಾಳಿ, ಎಷ್ಟು ನೆಲ ಬೇಕು ಅಂತ ಲೆಕ್ಕ ಹಾಕಿದ್ದ ಸರ್ಕಾರ, ಒಬ್ಬನೇ ಇರೋದಕ್ಕೆ ಎಷ್ಟು ಜಾಗ ಬೇಕು ಅನ್ನೋದಕ್ಕೆ ಲೆಕ್ಕ ಇಟ್ಟಿರಲಿಲ್ಲ. ಆ ಪಟ್ಟಿಯಲ್ಲಿ ಏಕಾಂತ ಅನ್ನೋ ಕಾಲಂ ಇರಲೇ ಇಲ್ಲ. ಹುಡುಗ ಆ ಕಾಲಂ ಅನ್ನ ಎರಡು ಬೀರುವಿನಿಂದ ತುಂಬಿಸಿದ.

ಸರ್ಕಾರವೇ ಗೋಡೆ ಕೊಟ್ಟಾಗ

ಅದೇ ಹೊತ್ತಿಗೆ ಹೊರಗೆ ದೊಡ್ಡ ಬದಲಾವಣೆ ಶುರುವಾಗಿತ್ತು. 1957ರ ಜುಲೈ 31ರಂದು, ಕ್ರುಶ್ಚೇವ್ ಕಾಲದಲ್ಲಿ, ಮನೆ ಕಟ್ಟುವ ಬೃಹತ್ ಯೋಜನೆಯ ನಿರ್ಣಯ ಹೊರಬಿತ್ತು. ಕಾರ್ಖಾನೆಯಲ್ಲಿ ಕಾಂಕ್ರೀಟ್ ಹಲಗೆಗಳನ್ನ ಎರಕ ಹೊಯ್ದು, ತಂದು, ಜೋಡಿಸಿ, ಐದು ಅಂತಸ್ತಿನ ಕಟ್ಟಡಗಳನ್ನ ಸರಸರ ಎಬ್ಬಿಸಿದರು. ಲಿಫ್ಟ್ ಇಲ್ಲ, ಸೀಲಿಂಗ್ ಎರಡೂವರೆ ಮೀಟರ್, ಅಡುಗೆಮನೆ ಪುಟಾಣಿ. ಜನ ಅದಕ್ಕೆ ಕ್ರುಶ್ಚ್ಯೋವ್ಕಾ ಅಂತ ಹೆಸರಿಟ್ಟು ನಕ್ಕರು, ನಕ್ಕೊಂಡೇ ಓಡಿಹೋಗಿ ಸೇರಿಕೊಂಡರು. ಯಾಕಂದ್ರೆ ಅದರಲ್ಲಿ ಒಂದು ಕುಟುಂಬಕ್ಕೆ ಒಂದು ಫ್ಲ್ಯಾಟು. ತಮ್ಮದೇ ಕಕ್ಕಸು, ತಮ್ಮದೇ ಬೀಗ.

ಬೀರು ಅಲ್ಲಿಗೂ ಜೊತೆಗೆ ಹೋಯಿತು. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಮೂರು ತಲೆಮಾರು ಇದ್ದರೆ ಮತ್ತೆ ಅಡ್ಡ ನಿಲ್ಲಬೇಕಲ್ಲ. ಈಗ ಸೀಲಿಂಗ್ ತಗ್ಗು, ಬೀರು ಎತ್ತರ, ಮೇಲೆ ಉಳಿದ ಜಾಗವೂ ಕಡಿಮೆ. 1970ರ ದಶಕದಲ್ಲಿ ಹೊಸ ಫ್ಯಾಷನ್ ಬಂತು. ಬೀರು, ಪುಸ್ತಕದ ಕಪಾಟು, ಗಾಜಿನ ಸಾಮಾನಿನ ಶೋಕೇಸು, ಎಲ್ಲ ಒಂದೇ ಸಾಲಿನಲ್ಲಿ ಸೇರಿಸಿದ ಉದ್ದನೆಯ ಸೆಟ್ಟು. ಅದನ್ನ ಕೊಳ್ಳೋಕೂ ಕ್ಯೂ. ಆ ಸೆಟ್ಟಿಗೆ ರಷ್ಯನ್ನರು ಏನಂತ ಕರೀತಾರೆ ಗೊತ್ತಾ? ಸ್ತೆಂಕಾ. ಸ್ತೆಂಕಾ ಅಂದ್ರೆ ಅವರ ಭಾಷೆಯಲ್ಲಿ ಪುಟ್ಟ ಗೋಡೆ! ಗೋಡೆಯ ಕೆಲಸ ಮಾಡಿ ಮಾಡಿ ಬೀರುವಿಗೆ ಕೊನೆಗೆ ಗೋಡೆಯ ಹೆಸರೇ ಬಂತು.

ಗೋಡೆ ಉಳಿಸಲಿಲ್ಲ

ಬ್ರಾಡ್‌ಸ್ಕಿ ಕುಟುಂಬ ಮಾತ್ರ ಅದೇ ಒಂದೂವರೆ ಕೋಣೆಯಲ್ಲೇ ಉಳಿಯಿತು. ಬೀರುವಿನ ಹಿಂದೆ ಬರೆದ ಕವಿತೆಗಳು ಕೈಯಿಂದ ಕೈಗೆ ಹರಿದಾಡಿದವು. 1964ರಲ್ಲಿ ಲೆನಿನ್‌ಗ್ರಾಡಿನ ನ್ಯಾಯಾಲಯದಲ್ಲಿ ಅವರ ವಿಚಾರಣೆ ಆಯಿತು. ಆರೋಪ, ದುಡಿಯದೆ ಸಮಾಜದ ಮೇಲೆ ಬದುಕುವ ಪರಾವಲಂಬಿ ಅನ್ನೋದು. ಐದು ವರ್ಷದ ಶಿಕ್ಷೆ, ಉತ್ತರದ ಅರ್ಖಾಂಗೆಲ್ಸ್ಕ್ ಪ್ರಾಂತ್ಯದ ಹಳ್ಳಿಯೊಂದಕ್ಕೆ ಗಡೀಪಾರು. ದೇಶ ವಿದೇಶಗಳಿಂದ ವಿರೋಧ ಬಂದು ಒಂದೂವರೆ ವರ್ಷಕ್ಕೆ ಬಿಡುಗಡೆ. 1972ರ ಜೂನ್ 4ರಂದು ಅವರನ್ನ ದೇಶದಿಂದಲೇ ಹೊರಗೆ ಕಳಿಸಿದರು.

ಬೀರುವಿನ ಈ ಕಡೆ ಅಪ್ಪ ಅಮ್ಮ ಉಳಿದರು. ಇನ್ನು ಬಾಖ್ ಸಂಗೀತದ ಕಾಟ ಇಲ್ಲ. ಮಗನನ್ನ ಒಂದು ಸಲ ನೋಡಿಬರ್ತೀವಿ, ಅನುಮತಿ ಕೊಡಿ ಅಂತ ಅವರು 12 ವರ್ಷಗಳ ಕಾಲ ಮತ್ತೆ ಮತ್ತೆ ಅರ್ಜಿ ಹಾಕಿದರು. ಪ್ರತಿ ಸಲವೂ ಇಲ್ಲ ಅನ್ನೋ ಉತ್ತರ. 1983ರಲ್ಲಿ ತಾಯಿ ತೀರಿಕೊಂಡರು, 1984ರಲ್ಲಿ ತಂದೆ. ಮಗನಿಗೆ ಅಂತ್ಯಸಂಸ್ಕಾರಕ್ಕೂ ಬರಲಾಗಲಿಲ್ಲ.

ಆಮೇಲೆ ಅಮೆರಿಕದಲ್ಲಿ ಕೂತು ಬ್ರಾಡ್‌ಸ್ಕಿ ಆ ಮನೆಯ ಬಗ್ಗೆ, ಅಪ್ಪ ಅಮ್ಮನ ಬಗ್ಗೆ ಒಂದು ದೀರ್ಘ ಪ್ರಬಂಧ ಬರೆದರು. ಹೆಸರು 'ಒಂದೂವರೆ ಕೋಣೆಯಲ್ಲಿ'. 1986ರ ಅವರ ಪ್ರಬಂಧ ಸಂಕಲನದಲ್ಲಿ ಅದು ಇದೆ, ಮರುವರ್ಷವೇ ಅವರಿಗೆ ನೊಬೆಲ್ ಬಂತು. ಬೀರುವಿನ ಬೆನ್ನು ಕಿತ್ತ ಕಥೆ, ಕಮಾನು ಮುಚ್ಚಿದ ಕಥೆ ನಮಗೆ ಗೊತ್ತಾಗಿರೋದು ಆ ಪ್ರಬಂಧದಿಂದ. ಅದನ್ನ ಅವರು ರಷ್ಯನ್ನಿನಲ್ಲಿ ಬರೆಯಲಿಲ್ಲ, ಇಂಗ್ಲಿಷಿನಲ್ಲಿ ಬರೆದರು, ಬೇಕಂತಲೇ. ಅಪ್ಪ ಅಮ್ಮನಿಗೆ ಓದೋಕೆ ಬರದ ಭಾಷೆಯಲ್ಲಿ ಅವರ ಬಗ್ಗೆ ಬರೆಯುವುದು ವಿಚಿತ್ರ ಅನ್ನಿಸಬಹುದು. ಅವರ ವಾದ ಇಷ್ಟೇ: ರಷ್ಯನ್ನಿನಲ್ಲಿ ಬರೆದರೆ ಅವರನ್ನ ಮತ್ತೆ ಅದೇ ವ್ಯವಸ್ಥೆಯೊಳಗೆ ಕೂಡಿಹಾಕಿದ ಹಾಗೆ, ಇನ್ನೊಂದು ಭಾಷೆಯಲ್ಲಾದರೂ ಅವರು ಸ್ವಲ್ಪ ಸ್ವತಂತ್ರವಾಗಿ ಓಡಾಡಲಿ. ಹೊರದೇಶಕ್ಕೆ ಕಾಲಿಡಲು ಬಿಡದ ತಂದೆ ತಾಯಿಯನ್ನ ಮಗ ಹೊರಗೆ ಕರೆದುಕೊಂಡು ಬಂದಿದ್ದು ಹಾಗೆ.

ಈ ಕಥೆ ಓದುತ್ತಾ ಹೋದ ಹಾಗೆ ನನಗೆ ಒಂದು ವಿಷಯ ಸ್ಪಷ್ಟ ಆಯ್ತು. ಏಕಾಂತ ಅನ್ನೋದು ಉಳ್ಳವರ ಶೋಕಿ ಅಲ್ಲ. ಜಾಗ ಇಲ್ಲದವರೂ, ದುಡ್ಡು ಇಲ್ಲದವರೂ, ಭಯದಲ್ಲಿ ಇರುವವರೂ ಅದನ್ನ ಕೈಗೆ ಸಿಕ್ಕಿದ್ದರಲ್ಲಿ ಕಟ್ಟಿಕೊಳ್ಳುತ್ತಾರೆ. ಬಟ್ಟೆಯಲ್ಲಿ, ಪ್ಲೈವುಡ್ಡಿನಲ್ಲಿ, ಬೀರುವಿನಲ್ಲಿ. ಆದರೆ ಮನೆಯವರು ಕಟ್ಟಿಕೊಂಡ ಗೋಡೆ ಮನೆಯವರ ಕಣ್ಣನ್ನಷ್ಟೇ ತಡೆಯಬಲ್ಲದು. ಬಾಗಿಲು ಬಡಿಯದೆ ಒಳಗೆ ಬರುವ ಅಧಿಕಾರವನ್ನ ಬೀರು ತಡೆಯಲಾರದು. ಅದಕ್ಕೆ ಕಾನೂನಿನ ಗೋಡೆಯೇ ಬೇಕು.

ಕೊನೆಗೆ ಒಂದು ಮಾತು. 1991ರ ಜುಲೈನಲ್ಲಿ ರಷ್ಯಾದಲ್ಲಿ ಹೊಸ ಕಾನೂನು ಬಂದು, ಜನ ತಾವಿರುವ ಮನೆಯನ್ನ ಸ್ವಂತ ಮಾಡಿಕೊಳ್ಳಬಹುದು ಅಂತಾಯ್ತು. ಕೊಮುನಾಲ್ಕಾಗಳು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಇವತ್ತಿಗೂ ಇವೆ. ಬ್ರಾಡ್‌ಸ್ಕಿ ಅವರ ಒಂದೂವರೆ ಕೋಣೆಯನ್ನ ಮ್ಯೂಸಿಯಂ ಮಾಡಬೇಕು ಅಂತ ಅಭಿಮಾನಿಗಳು ಹೊರಟಾಗ ಒಂದು ತೊಡಕು ಬಂತು. ಅದೇ ಫ್ಲ್ಯಾಟಿನ ಇನ್ನೊಂದು ಕೋಣೆಯಲ್ಲಿ ಹಳೇ ನೆರೆಯ ವೃದ್ಧೆಯೊಬ್ಬರು ಇದ್ದರು. ಅವರು ತಮ್ಮ ಕೋಣೆ ಬಿಡಲು ಒಪ್ಪಲಿಲ್ಲ. ವರ್ಷಗಟ್ಟಲೆ ಕಾದರೂ ಒಪ್ಪಲಿಲ್ಲ. ಕೊನೆಗೆ ಮ್ಯೂಸಿಯಂನವರು ಪಕ್ಕದ ಫ್ಲ್ಯಾಟನ್ನ ಪಡೆದು, ಗೋಡೆಯಲ್ಲಿ ಆ ಕಡೆಯಿಂದ ದಾರಿ ಮಾಡಿ, 2020ರ ಕೊನೆಯಲ್ಲಿ ಬಾಗಿಲು ತೆರೆದರು. ಆ ಅಜ್ಜಿಯ ಕೋಣೆ ಅಜ್ಜಿಯದಾಗಿಯೇ ಉಳಿಯಿತು. ನೊಬೆಲ್ ಪಡೆದ ಕವಿಯ ಹೆಸರು ಹೇಳಿದರೂ ಯಾರಿಗೂ ಅವರನ್ನ ಎಬ್ಬಿಸೋಕೆ ಆಗಲಿಲ್ಲ. ಬೀರುವಿನ ಹಿಂದೆ ಅಡಗಿ ಕೂತಿದ್ದ ಹುಡುಗನಿಗೆ ಸಿಗದಿದ್ದ ಗೋಡೆ ಅದು, ಆ ಅಜ್ಜಿಗೆ ಸಿಕ್ಕಿತ್ತು.